ಹೂಂಗುಟ್ಟುವವಳು

ಮುಂಜಾನೆ ಆರೂವರೆಗೆ ಫೋನು ಬರುತ್ತಿತ್ತು. ಅಷ್ಟೊತ್ತಿಗೆ ನಾನು ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ನಾಗಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆತು ಕುಳಿತಿರುತ್ತಿದ್ದೆ. "ಅತ್ತಿ, ಸುರು ಮಾಡ್ಲೇನು?" ಎಂದು ಸೋಲಾಪುರದಿಂದ ನನ್ನ ಅಣ್ಣನ ಮಗ ಉದಯಕುಮಾರ ಕೇಳುವನು. "ಮಾಡಪಾ" ಅನ್ನುವೆ. ಅವನು ಮರಾಠಿಯಲ್ಲಿ ಒಂದೊಂದೇ ಸಾಲು ಹೇಳುವನು. ಇವತ್ತು ನಾನು ನನ್ನ ಬಲದಿಂದ ಎದ್ದಿಲ್ಲ, ಪ್ರಭುವಿನ ಬಲದಿಂದ ಎದ್ದಿದ್ದೇನೆ. ನಾನು "ಹೂಂ" ಅನ್ನುವೆ. ನನ್ನ ಕೈ ಬಾಟಲಿಯ ಕಡೆ ಹೋದರೆ ಪ್ರಭು ಆ ಕೈ ಹಿಡಿಯುತ್ತಾನೆ. "ಹೂಂ." ಹೀಗೆ ಹದಿನಾಲ್ಕು ಸಾಲು, ಹದಿನಾಲ್ಕು ಹೂಂ. ಆಮೇಲೆ ಅವನು ಅಂಗಡಿಗೆ, ನಾನು ಒಲೆಗೆ.

ಪ್ರಭು ಅಂದರೆ ಯೇಸುಪ್ರಭು. ಸೋಲಾಪುರದಲ್ಲಿ ಒಂದು ಚರ್ಚಿನ ಹಿಂದಿನ ಖೋಲಿಯಲ್ಲಿ ಕುಡಿತ ಬಿಡಿಸುವವರು ಇದ್ದಾರೆ. ಅಲ್ಲಿಯ ಸಾಳವೆ ಸರ್ ಎಂಬವರು ಆ ಹದಿನಾಲ್ಕು ಸಾಲಿನ ಕಾಗದವನ್ನು ಅವನ ಕೈಗೆ ಕೊಟ್ಟು, ದಿನಾ ಒಬ್ಬರ ಮುಂದೆ ಗಟ್ಟಿಯಾಗಿ ಹೇಳಬೇಕು, ಮನಸ್ಸಿನಲ್ಲಿ ಹೇಳಿಕೊಂಡರೆ ಆಗದು ಎಂದಿದ್ದರು. ಉದಯ ನನ್ನನ್ನು ಆರಿಸಿದ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವುದೊಂದೇ ನನಗೆ ಬರುವ ಕೆಲಸ ಎಂದು ಮನೆಯವರೆಲ್ಲ ಅನ್ನುತ್ತಾರೆ. ಸಣ್ಣಂದಿನಲ್ಲಿ ಶ್ರಾವಣ ಬಂತೆಂದರೆ ನಮ್ಮಪ್ಪ ಪುರಾಣ ಓದುತ್ತಿದ್ದ, ನಾನು ಎದುರಿಗೆ ಕುಳಿತು ಪ್ರತಿ ಪದ್ಯಕ್ಕೂ ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವವರು ಇಲ್ಲದಿದ್ದರೆ ಅಪ್ಪ ಪುಸ್ತಕವನ್ನೇ ಬಿಚ್ಚುತ್ತಿರಲಿಲ್ಲ. ಹಾಗೆ ಕಿವಿಯಿಂದಲೇ ಬೆಳೆದವಳು ನಾನು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದೆದ್ದ ಗಳಿಗೆಯಲ್ಲೇ ಯೇಸುವಿನ ಸಾಲಿಗೆ ಹೂಂ ಅನ್ನುವುದು ನನಗೆ ಕಷ್ಟವೆನ್ನಿಸಲಿಲ್ಲ. ತನ್ನಿಂದ ಆಗದು ಎಂದು ಒಪ್ಪಿಕೊಂಡು ಒಬ್ಬನ ಕಾಲು ಹಿಡಿಯುವುದನ್ನೇ ನಾನು ಹುಟ್ಟಿದಾಗಿನಿಂದ ಕೇಳಿದ್ದೆ.

ಉದಯ ಕುಡಿಯುತ್ತಿದ್ದ. ಟಾವೆಲು, ಚಾದರ ಮಾರುವ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕುಳಿತು ಮಧ್ಯಾಹ್ನದಿಂದಲೇ ಸುರು. ಕಳೆದ ವರ್ಷ ದಸರೆಯ ಹಿಂದಿನ ವಾರ, ಏಳು ವರ್ಷದ ಮಗಳು ನಂದಾಳನ್ನು ಕರೆದುಕೊಂಡು ಅಕ್ಕಲಕೋಟಿಗೆ ಸ್ವಾಮಿಗಳ ದರ್ಶನಕ್ಕೆ ಹೋದ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕೂಡಿಸಿ, ನೀರು ತರುತ್ತೇನೆ ಎಂದು ಹೋದವನು ಕುಡಿದು, ಹಾಗೆಯೇ ಸೋಲಾಪುರದ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟ. ಮಗಳನ್ನು ಮರೆತಿದ್ದ. ಶುಭಾಂಗಿ, ಅವನ ಹೆಂಡತಿ, "ನಂದಾ ಎಲ್ಲಿ?" ಎಂದಾಗಲೇ ಅವನಿಗೆ ನೆನಪಾದದ್ದು. ತೆಂಗಿನಕಾಯಿ ಮಾರುವ ಸುಮಿತ್ರಾಬಾಯಿ ಎಂಬವಳು ಸಂಜೆತನಕ ಕೂಸನ್ನು ತನ್ನ ಬುಟ್ಟಿಯ ಪಕ್ಕ ಕೂಡಿಸಿಕೊಂಡಿದ್ದಳು. ಆವತ್ತಿನಿಂದ ನಂದಾ ಅಕ್ಕಲಕೋಟಿಯಲ್ಲೇ, ತಾಯಿಯ ತಾಯಿ ರತ್ನಾಬಾಯಿಯ ಮನೆಯಲ್ಲಿ ಇದ್ದಾಳೆ, ಅಲ್ಲಿಯ ಶಾಲೆಗೇ ಹೋಗುತ್ತಾಳೆ. ಆರು ತಿಂಗಳು ಒಂದು ತೊಟ್ಟೂ ಮುಟ್ಟದಿದ್ದರೆ ಯುಗಾದಿ ಪಾಡ್ಯದ ದಿನ ಮಗಳನ್ನು ಮನೆಗೆ ತರೋಣ, ಮುಟ್ಟಿದರೆ ಅವಳು ಅಲ್ಲೇ ಬೆಳೆಯಲಿ ಎಂದು ಶುಭಾಂಗಿ ಮಾತು ಕಟ್ಟಿದ್ದಳು. ಐದು ತಿಂಗಳು ಸರಿಯಾಗಿ ನಡೆಯಿತು.

ಆಗ ಉದಯ ಒಂದು ಶನಿವಾರ ನಾಗಣಸೂರಿಗೇ ಬಂದ.

"ಅತ್ತಿ, ನನಗ ಸುಳ್ಳ ಹೇಳಾಕ ಆಗವಲ್ದು."

"ಕುಡದೇನೋ?"

"ಇಲ್ಲ. ದಿನಾ ನಿನಗ ಸುಳ್ಳ ಹೇಳಾಕತ್ತೀನಿ. ಪ್ರಭು ನನ್ನ ಕೈ ಹಿಡದಾನ ಅಂತೀನಿ. ನನಗ ಯಾರ ಕೈನೂ ಹತ್ತಿಲ್ಲ. ಸುಳ್ಳಿನ ಮ್ಯಾಲೆ ನಾ ಎಷ್ಟ ದಿವ್ಸ ನಿಂದ್ರಲಿ?"

ಆಮೇಲೆ ಹೇಳಿದ. ಮೊಬೈಲಿನಲ್ಲಿ ಅವನಿಗೆ ಒಂದು ಗುಂಪು ಸಿಕ್ಕಿದೆ. ಪುಣೆಯವರು, ನಾಸಿಕದವರು, ಪರದೇಶದವರು ಇದ್ದಾರೆ. ಅವರ ದಾರಿಗೆ ಥೆಲೆಮಾ ಎಂದು ಹೆಸರು.

"ಅದು ಯಾವ ದೇವ್ರಪಾ?" ಎಂದೆ.

"ದೇವ್ರಲ್ಲ ಅತ್ತಿ, ದಾರಿ. ಒಬ್ಬೊಬ್ಬರೊಳಗೂ ಒಂದು ಖರೇ ಸಂಕಲ್ಪ ಇರ್ತದ. ಅದನ್ನ ಹುಡುಕಿ, ಅದನ್ನಷ್ಟೇ ಮಾಡೂದು. ಪ್ರೀತಿ ಸುದ್ಧಾ ಅದರ ಕೈಯಾಗ ನಡೀಬೇಕು. ಆಕಾಶದಾಗ ಚಿಕ್ಕಿ ನೋಡು, ತಮ್ಮ ತಮ್ಮ ದಾರಿ ಹಿಡದು ಹೊಂಟಿರ್ತಾವ, ಒಂದಕ್ಕೊಂದು ಅಡ್ಡ ಬರಂಗಿಲ್ಲ. ಹಂಗ."

"ಇದು ನಮ್ಮಾಗೂ ಅದ ಬಿಡು. ಒಳಗ ಹುಡುಕು, ಹೊರಗ ಏನದ ಅಂತ ನಮ್ಮ ಶರಣರೂ..."

"ಹಂಗ ಅನಬ್ಯಾಡ!" ಉದಯ ಕೈ ಎತ್ತಿದ. "ಯೇಸೂನ ಕಾಗದ ತಂದಾಗೂ ನಮ್ಮಾಗೂ ಅದ ಅಂದಿ. ಇದಕ್ಕೂ ಅದ ಅಂತಿ. ಎಲ್ಲಾನೂ ನಿಮ್ಮಾಗ ಇದ್ದರ ನಾ ಯಾಕ ಕುಡಕ ಆದೆ?"

ನಾನು ಎದ್ದು ಅವನಿಗೆ ನೀರು ತಂದುಕೊಟ್ಟೆ.

ಅವನಿಗೆ ಬೇಕಾದದ್ದು ಇಷ್ಟು. ಆ ಹದಿನಾಲ್ಕು ಸಾಲುಗಳನ್ನು ಒಂದೊಂದಾಗಿ ಅವನ ಹೊಸ ದಾರಿಗೆ ತಿರುಗಿಸಬೇಕು. ಅದೂ ಕನ್ನಡದಲ್ಲಿ. ಅವನಿಗೆ ಕನ್ನಡ ಓದಲು ಬಾರದು, ಕಲಿತದ್ದು ಮರಾಠಿ ಶಾಲೆ. "ಮರಾಠಿ ಒಳಗ ಹೇಳಿದರ ಗಿರಾಕಿ ಕೂಡ ಮಾತಾಡಿದಂಗ ಆಗ್ತದ. ಕುಡದಾಗ ನಾ ಅಳ್ತಿದ್ದದ್ದು ಕನ್ನಡದಾಗ. ನೀ ಸಾಲು ಕಟ್ಟಿ ಹೇಳು, ನಾ ಬಾಯಿಪಾಠ ಮಾಡ್ತೀನಿ" ಎಂದ.

ಎರಡು ದಿನ ಕುಳಿತೆವು. ನಡುನಡುವೆ ಅವನು ಎದ್ದು ಅಂಗಳಕ್ಕೆ ಹೋಗಿ ಸೂರ್ಯನಿಗೆ ಮುಖ ಮಾಡಿ ಕೈ ಎತ್ತಿ ಏನೋ ಹೇಳಿ ಬರುತ್ತಿದ್ದ. ಮುಂಜಾನೆ, ಮಧ್ಯಾಹ್ನ, ಸಂಜೆ. ಅದು ಅವರ ಪದ್ಧತಿಯಂತೆ. ನಮ್ಮ ಮನೆಯವರಿಗೆ ಬಹಳ ಸಂತೋಷವಾಯಿತು. ಅಳಿಯ ಸೂರ್ಯೋಪಾಸನೆ ಹಿಡಿದಿದ್ದಾನೆ, ಅದರಿಂದಲೇ ಕುಡಿತ ಬಿಟ್ಟಿದೆ ಎಂದು ಕಟ್ಟೆಯ ಮೇಲೆ ಹೇಳಿಬಂದರು. ಮರುದಿನವೇ ಬಾಜು ಮನೆಯ ಧೂಳಪ್ಪ ತನ್ನ ತಮ್ಮನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಉದಯಣ್ಣಾ, ಇವನೂ ಭಾಳ ಕುಡೀತಾನ. ನಿಮ್ಮ ದೀಕ್ಷಾ ಇವಗೂ ಕೊಡ್ರಿ. ಎಷ್ಟ ಬಿಸಲಾಗ ನಿಂದ್ರಸಬೇಕು ಹೇಳ್ರಿ, ನಿಂದ್ರಸ್ತೀನಿ."

"ದೀಕ್ಷಾ ಅಲ್ಲೋ ಮಾರಾಯಾ ಇದು!" ಎಂದು ಉದಯ ಒಳಗೆ ಓಡಿ ಬಂದ. ಆ ತಮ್ಮ ಮಾತ್ರ ಅರ್ಧ ತಾಸು ಬಿಸಿಲಿಗೆ ನಿಂತು, ಮಜ್ಜಿಗೆ ಕುಡಿದು ಹೋದ.

ಮೊದಲ ಸಾಲು ಬೇಗ ಕೂಡಿತು. ಇವತ್ತು ನಾನು ಎದ್ದಿದ್ದೇನೆ, ನನ್ನೊಳಗಿನ ನಿಜದ ಸಂಕಲ್ಪ ನನ್ನನ್ನು ಎಬ್ಬಿಸಿದೆ. ಎರಡನೆಯದು, ನನ್ನ ಕೈ ಬಾಟಲಿಯ ಕಡೆ ಹೋದರೆ ಅದು ನನ್ನ ಕೈ ಅಲ್ಲ, ಚಟದ ಕೈ. ನನಗೆ ಅನುಮಾನ ಬಂತು.

"ಉದಯಾ, ಕುಡೀಬೇಕು ಅನ್ನೂದೂ ನಿನ್ನೊಳಗಿಂದ ಬರ್ತದ. ಬ್ಯಾಡ ಅನ್ನೂದೂ ನಿನ್ನೊಳಗಿಂದ ಬರ್ತದ. ಯಾವುದು ಖರೇದು ಅಂತ ಹ್ಯಾಂಗ ತಿಳೀತದ?"

"ದಿನಾ ಬರದಿಡಬೇಕು. ನೋಡ್ಕೊಂತ ಹೋಗಬೇಕು. ತಿಳೀತದ ಅಂತಾರ."

"ನಿನಗ ತಿಳದದೇನು?"

ಅವನು ಚಾಪೆಯ ಎಳೆ ಕೀಳತೊಡಗಿದ. ನನಗೆ ಇನ್ನೊಂದು ತೊಡಕು. ನಾನು ಕೇಳಿ ಬೆಳೆದ ವಚನಗಳೆಲ್ಲ ದೇವರ ಹೆಸರಿನಲ್ಲಿ ಮುಗಿಯುತ್ತವೆ. ಯೇಸುವಿನ ಸಾಲಿನಲ್ಲೂ ಪ್ರಭು ಎಂಬ ಶಬ್ದವಿತ್ತು, ಕಿವಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಈ ಹೊಸ ಸಾಲುಗಳು ಮುಗಿದರೂ ನನ್ನ ಕಿವಿ ಇನ್ನೇನೋ ಬರಲಿದೆ ಎಂದು ಕಾಯುತ್ತಿತ್ತು. ಕೊನೆಗೆ ಒಂದು ಹೆಸರು ಇಡೋಣವೇ ಎಂದೆ. ಯಾರದ್ದು ಎಂದ. ನನಗೂ ಗೊತ್ತಾಗಲಿಲ್ಲ.

ಹದಿಮೂರನೆಯ ಸಾಲಿಗೆ ಬಂದು ಸಿಕ್ಕಿಕೊಂಡೆವು. ಕಾಗದದಲ್ಲಿ ಇದ್ದದ್ದು, ನಾನು ಮಾಡಿದ ಪಾಪವನ್ನು ಪ್ರಭು ಕ್ಷಮಿಸಿದ್ದಾನೆ, ನಾನಿನ್ನು ಅದನ್ನು ಹೊತ್ತು ತಿರುಗುವುದಿಲ್ಲ.

"ನಮ್ಮ ದಾರಿಯೊಳಗ ಪಾಪ ಅನ್ನೂ ಶಬ್ದ ಹಿಂಗ ಇಲ್ಲ" ಎಂದ ಉದಯ.

"ಮತ್ತ ಇದನ್ನ ಏನ ಮಾಡೂದು?"

"ಸೋಲಾಪುರಕ್ಕ ಹೋಗಿ ವಿಚಾರ ಮಾಡ್ತೀನಿ. ಇದೊಂದು ನನ್ನ ಮ್ಯಾಲೆ ಬಿಡು."

ಅವನು ಬಸ್ಸಿನಿಂದಲೇ ಹೆಂಡತಿಗೆ ಎಲ್ಲ ಹೇಳಿದ್ದನೆಂದು ಕಾಣುತ್ತದೆ, ಊರು ಮುಟ್ಟುವುದರೊಳಗೆ ಶುಭಾಂಗಿಯ ಫೋನು ಬಂತು. ಅವಳು ಜೋರು ಮಾತಿನವಳಲ್ಲ, ಆವತ್ತು ಮಾತ್ರ ಏರುದನಿಯಲ್ಲೇ ಸುರು ಮಾಡಿದಳು.

"ಅತ್ತಿ, ನಡ್ಯೂ ಮಗ್ಗ ಯಾರರ ಬಿಚ್ಚಿ ನೋಡ್ತಾರೇನ್ರಿ? ಐದು ತಿಂಗಳಾತು ಬರೋಬರಿ ನಡದಿತ್ತು. ಯೇಸು ಇರ್ಲಿ, ಯಾರರ ಇರ್ಲಿ, ನನಗ ನನ್ನ ಮಗಳ ಮನಿಗೆ ಬರಬೇಕು. ನೀವರ ಹೇಳಬಾರದೇನ್ರಿ?"

"ನಾ ಏನಂತ ಹೇಳ್ಲೇ ತಂಗಿ. ಅವ ಸುಳ್ಳ ಹೇಳಾಕ ಆಗವಲ್ದು ಅಂತಾನ."

"ಕುಡದಾಗ ದಿನಕ್ಕ ಹತ್ತು ಸುಳ್ಳ ಹೇಳ್ತಿದ್ದರು, ಆವಾಗ ಆಗ್ತಿತ್ತೇನ್ರಿ? ಕುಡೀದಂಗ ಇಡೂ ಒಂದು ಸುಳ್ಳಿಗೆ ಈಗ ಬ್ಯಾಸರ ಬಂತು! ಹೊಸಾ ಕಾಗದಕ್ಕ ನೀವು ಹೂಂ ಅನಬ್ಯಾಡ್ರಿ. ಅಂದ್ರ ತಾನಾಗೇ ಹಳೇದಕ್ಕ ಬರ್ತಾರ."

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಜೋಳ ಆರಿಸುತ್ತ ಕುಳಿತೆ. ಅವಳ ಮಾತು ಖರೆ ಅನ್ನಿಸಿತು. ಅವನ ಮಾತೂ ಖರೆ ಅನ್ನಿಸಿತು. ನಂಬದೆ ಹೇಳಿದ ಹೆಸರು ಐದು ತಿಂಗಳು ಅವನನ್ನು ಹೇಗೆ ಹಿಡಿದು ನಿಲ್ಲಿಸಿತು? ಅಥವಾ ನಿಲ್ಲಿಸಿದ್ದು ಬೇರೆ ಏನಾದರೂ ಇತ್ತೇ? ಪೂಜೆಯ ಹೊತ್ತಿಗೆ ಅಂಗೈಯನ್ನು ನೋಡಿದರೆ ಅಲ್ಲಿಯೂ ಇದೇ ಪ್ರಶ್ನೆ ಕುಳಿತಿತ್ತು.

ಮರುದಿನ ಆರೂವರೆಗೆ ಅವನು ಹೊಸ ಸಾಲುಗಳನ್ನು ಹೇಳಿದ. ಹನ್ನೆರಡಕ್ಕೂ ನಾನು ಹೂಂ ಅಂದೆ. ಶುಭಾಂಗಿಯ ಮುಖ ಕಣ್ಣ ಮುಂದೆ ಬರುತ್ತಿತ್ತು, ಆದರೂ ಅಂದೆ. ಆ ಸಾಲುಗಳನ್ನು ಕಟ್ಟಿದವಳು ನಾನೇ. ಹದಿಮೂರನೆಯದು ಅವನು ತಾನೇ ಕಟ್ಟಿದ್ದು.

"ನಾನು ಪಾಪಿ ಅಲ್ಲ. ಆದದ್ದೆಲ್ಲ ನನ್ನ ದಾರಿಯೊಳಗಿನ ಹೆಜ್ಜೆ. ಅದಕ್ಕ ನಾ ಯಾರ ಕ್ಷಮಾನೂ ಬೇಡಂಗಿಲ್ಲ."

ನನ್ನ ಬಾಯಿಂದ ಹೂಂ ಬರಲಿಲ್ಲ.

"ಅತ್ತಿ? ಲೈನ್ ಅದನೋ ಇಲ್ಲೋ?"

"ಅದ."

"ಮತ್ತ ಹೂಂ ಅನ್ನು."

ನಾನು ಸುಮ್ಮನಿದ್ದೆ. ಆ ಕಡೆ ಅವನ ಉಸಿರು ಕೇಳುತ್ತಿತ್ತು. "ಶುಭಾಂಗಿ ಕಲಿಸ್ಯಾಳ ಅಲ್ಲಾ? ಬರೋಬರ್ ಅದ. ನಿಮಗ್ಯಾರಿಗೂ ನಾ ಬ್ಯಾಡ, ನಿಮ್ಮ ಕಾಗದ ಬೇಕು" ಎಂದು ಇಟ್ಟುಬಿಟ್ಟ.

ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮಪ್ಪನ ಪುರಾಣದಲ್ಲಿ ಒಂದು ಕಟ್ಟಳೆ ಇತ್ತು. ತಿಳಿಯದ ಪದ್ಯಕ್ಕೆ ಹೂಂಗುಟ್ಟಬಾರದು, ಸುಮ್ಮನೆ ಕೂಡಬೇಕು. ಸುಮ್ಮನೆ ಕುಳಿತರೆ ಓದುವವನು ಹಿಂದಕ್ಕೆ ಹೋಗಿ ಅದನ್ನೇ ಬೇರೆ ಮಾತಿನಲ್ಲಿ ಬಿಡಿಸಿ ಹೇಳಬೇಕು, ಕೇಳುವವಳಿಗೆ ತಿಳಿಯುವ ತನಕ. ಒಂದೊಂದು ಪದ್ಯಕ್ಕೆ ಅಪ್ಪ ನಾಲ್ಕು ಸಲ ಹಿಂದಕ್ಕೆ ಹೋದದ್ದುಂಟು. ನಾನು ಸುಮ್ಮನಾದದ್ದು ಆ ರೂಢಿಯಿಂದ. ಉದಯ ಸೋಲಾಪುರದಲ್ಲಿ ಬೆಳೆದ ಹುಡುಗ. ಬಾಗಿಲು ಹಾಕಿಕೊಂಡಳು ಎಂದು ತಿಳಿದ.

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡಿದರೆ ಅವನು ಎತ್ತಲಿಲ್ಲ. ಮೂರನೆಯ ದಿನ ಶುಭಾಂಗಿಯೇ ಮಾಡಿದಳು.

"ಅಂಗಡಿ ತಗದಿಲ್ರಿ. ಮುಂಜಾನೆ ಹೋಗ್ತಾರ, ಸಂಜೀಕ ಬರ್ತಾರ. ಎಲ್ಲಿ ಅಂದ್ರ ಹೇಳವಲ್ರು. ಬಾಯಿ ಹತ್ತರ ಹೋಗಿ ವಾಸನಿ ನೋಡೀನಿ, ಇಲ್ಲ. ಆದ್ರ ಮೊದಲ ಸುರು ಆಗಿದ್ದೂ ಹಿಂಗೇ." ಅಷ್ಟು ಹೇಳಿ ಅವಳು ಅತ್ತಳು. ಅವಳೇ ಹೂಂ ಅನಬ್ಯಾಡ್ರಿ ಎಂದಿದ್ದಳು. ನಾನು ಅನ್ನಲಿಲ್ಲ. ಇದು ಅವಳ ಮಾತು ಕೇಳಿ ಮಾಡಿದ್ದೋ, ಅಪ್ಪನ ಮಾತು ಕೇಳಿ ಮಾಡಿದ್ದೋ ಎಂದು ಯಾರಾದರೂ ಕೇಳಿದ್ದರೆ ನಾನು ಆಣೆ ಮಾಡಿ ಹೇಳಲಾರದವಳಾಗಿದ್ದೆ.

ಶನಿವಾರ ಮುಂಜಾನೆಯ ಬಸ್ಸಿಗೆ ಹೊರಟೆ. ಅಕ್ಕಲಕೋಟಿಯಲ್ಲಿ ಇಳಿದು ಸೋಲಾಪುರದ ಬಸ್ಸು ಹಿಡಿಯಬೇಕು. ನಡುವೆ ಕೂಸನ್ನು ನೋಡಿ ಹೋಗೋಣವೆಂದು ರತ್ನಾಬಾಯಿಯ ಮನೆಗೆ ಹೋದೆ. ಅವರು ಹೊಸ್ತಿಲಲ್ಲೇ ನಿಂತು ದನಿ ಇಳಿಸಿದರು.

"ಬರ್ರಿ ನೀಲಗಂಗಾಬಾಯಿ. ನಿಮ್ಮ ಹುಡುಗ ಐದು ದಿವ್ಸ ಆತು ಶಾಳಾದ ಎದುರಿನ ಚಾದ ಅಂಗಡಿಯಾಗ ಕೂಡ್ತಾನಂತ. ನಾನೂ ಇವತ್ತ ಮುಂಜಾನೇನ ನೋಡೀನಿ. ಬಾ ಅಂದರ ಬರವಲ್ಲ. ಪೋರಿ ನೋಡ್ಯಾಳೋ ಇಲ್ಲೋ ಗೊತ್ತಿಲ್ಲ."

ಉದಯ ಅಲ್ಲೇ ಇದ್ದ. ಬೆಂಚಿನ ಮೇಲೆ ಕುಳಿತಿದ್ದ, ಮುಂದೆ ಆರಿದ ಚಹಾ. ಗಡ್ಡ ಬಂದಿತ್ತು, ಕಣ್ಣು ಮಾತ್ರ ತಿಳಿಯಾಗಿದ್ದವು. ನಾನು ಬಾಜುಕ್ಕೆ ಕುಳಿತೆ.

"ನೀ ಹೂಂ ಅನಲಿಲ್ಲ" ಎಂದ.

ಅಪ್ಪನ ಕಟ್ಟಳೆಯನ್ನು ಆಗ ಹೇಳಿದೆ. ನಾಲ್ಕು ಸಲ ಹಿಂದಕ್ಕೆ ಹೋಗುತ್ತಿದ್ದದ್ದನ್ನೂ ಹೇಳಿದೆ. "ನನಗ ತಿಳೀಲಿಲ್ಲಪಾ. ಅದಕ್ಕ ಗಪ್ಪ ಕುಂತೆ. ಬ್ಯಾರೆ ರೀತಿ ಹೇಳು ಅಂತ ಅದರ ಅರ್ಥ."

ಅವನು ನನ್ನನ್ನು ನೋಡಿದ, ಆಮೇಲೆ ನಕ್ಕ, ನಗುತ್ತಲೇ ಮುಖ ಒರೆಸಿಕೊಂಡ. "ಇದನ್ನ ಫೋನಿನಾಗ ಹೇಳಾಕ ಏನಾಗಿತ್ತವ್ವಾ ನಿನಗ? ಸಿಟ್ಟಿಗೆದ್ದು ಆವತ್ತ ಸೀದಾ ಗೋದಾಮಿಗೆ ಹೋಗಿದ್ದೆ. ಬಾಗಲಾ ತಗಿಯೂತನಕ ಹೋದೆ. ಅಲ್ಲಿ ನಿಂತು, ನಿನಗ ಯಾಕ ಒಪ್ಪಿಗಿ ಆಗಲಿಲ್ಲ ಅಂತ ಆ ಸಾಲ ಮತ್ತ ಅಂದೆ. ನನಗೇ ಹೂಂ ಬರಲಿಲ್ಲ. ಕೀಲಿ ಹಾಕಿ ಇಲ್ಲಿ ಬಂದೆ."

"ಇಲ್ಲಿ ಯಾಕ?"

"ಪ್ರಭು ಕ್ಷಮಿಸ್ಯಾನ ಅಂದ್ರ ನಾ ಇಲ್ಲಿ ಬರೂ ಗರಜಿಲ್ಲ. ನನ್ನ ದಾರಿಯೊಳಗಿನ ಹೆಜ್ಜಿ ಅಂದ್ರೂ ಗರಜಿಲ್ಲ. ಎರಡೂ ಸಾಲಿನಾಗ ನಾ ನಂದಾನ್ನ ಇಟ್ಟೇ ಇಲ್ಲ ಅತ್ತಿ. ಸಾಳವೆ ಸರ್ ಮೊದಲನೇ ವಾರದಾಗೇ ಕೇಳಿದ್ದರು, ದೇವ್ರ ಕಡೆ ಆತು, ಮಗಳ ಕಡೆ ಹೋಗಿದ್ದೇನು ಅಂತ. ನಾ ಸಾಲು ಹೇಳೂದ ಹಗುರ ಅಂತ ಸಾಲು ಹಿಡಕೊಂಡೆ. ಈ ದಾರಿಯವರೂ ಮತ್ತೊಬ್ಬರ ದಾರಿಗೆ ಅಡ್ಡ ಬರಬ್ಯಾಡ ಅಂತ ದಿನಾ ಹೇಳ್ತಾರ. ಅದನ್ನೂ ನನಗ ಬೇಕಾದಂಗ ಕೇಳಿದೆ."

"ಈಗ ಹ್ಯಾಂಗ ಹೇಳ್ತಿ?"

ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿ ಹೇಳಿದ. "ನಂದಾನ ದಾರಿಗೆ ನಾ ಅಡ್ಡ ಬಂದೀನಿ. ಬಾಟ್ಲಿ ಅಲ್ಲ, ನಾ."

ನಾನು ಹೂಂ ಅನ್ನಬೇಕೆಂದು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. "ನಿನ್ನ ಮುಂದ ಹೇಳೂ ಸಾಲ ಅಲ್ಲ ಇದು. ಆಕಿ ಮುಂದ ಹೇಳೂದು. ಐದು ದಿವ್ಸ ಆತು, ಗಂಟಿ ಹೊಡೀತದ, ಆಕಿ ಹೊರಗ ಬರ್ತಾಳ, ನನ್ನ ಕಾಲ ಏಳೂದಿಲ್ಲ."

ಆವತ್ತೂ ಗಂಟೆ ಹೊಡೆಯಿತು. ಶನಿವಾರದ ಶಾಲೆ, ಹನ್ನೊಂದೂವರೆಗೇ ಬಿಟ್ಟರು. ಅವನ ಕಾಲು ಏಳಲೇ ಇಲ್ಲ. ಆದರೆ ನಂದಾ ಗೇಟಿನಿಂದ ಸೀದಾ ರಸ್ತೆ ದಾಟಿ ನಮ್ಮ ಕಡೆಗೇ ಬಂದಳು. ಎರಡು ಜಡೆ, ಹೆಗಲಿಗೆ ತನಗಿಂತ ದೊಡ್ಡ ಪುಸ್ತಕದ ದಪ್ತರ.

"ಪಪ್ಪಾ, ನೀ ಮೊನ್ನಿ ಸುದ್ಧಾ ಬಂದಿದ್ದಿ. ನಾ ಕಿಡಕಿಯಿಂದ ನೋಡೀನಿ. ಚಾ ಯಾಕ ಕುಡ್ಯಂಗಿಲ್ಲ? ಹಂಗೇ ಇಟಗೊಂಡು ಕೂಡ್ತಿ."

ಅವನು ಬೆಂಚಿನಿಂದ ಇಳಿದು ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತ. ಆ ಸಾಲನ್ನು ಹೇಳಲು ಹೋಗಿ ಅದು ಅವಳಿಗೆ ತಿಳಿಯದು ಎಂದು ಅವನಿಗೇ ಅನ್ನಿಸಿರಬೇಕು. "ನಿನ್ನ ಸ್ಟ್ಯಾಂಡಿನಾಗ ಬಿಟ್ಟು ಹೋದೆ. ನಾ ಮರತೆ. ಅದು ನಂದೇ ತಪ್ಪು" ಎಂದ.

"ಗೊತ್ತದ" ಎಂದಳು ನಂದಾ. "ಸುಮಿತ್ರಾ ಅಜ್ಜಿ ನನಗ ಖೊಬರಿ ಕೊಟ್ಟಿದ್ದಳು. ನೀ ಮತ್ತ ಮರೀತಿ?"

ಚಹಾದ ಅಂಗಡಿಯವನು ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ತಿರುವುತ್ತಿದ್ದ. ಹಳೆಯ ಕಾಗದದ ಪ್ರಕಾರ ಉದಯ ಪ್ರಭು ಮರೆಯಗೊಡುವುದಿಲ್ಲ ಅನ್ನಬೇಕಿತ್ತು. ಹೊಸ ಕಾಗದದ ಪ್ರಕಾರ ನನ್ನ ಸಂಕಲ್ಪ ಗಟ್ಟಿ ಇದೆ ಅನ್ನಬೇಕಿತ್ತು. ನಾನಾಗಿದ್ದರೆ ಎಲ್ಲ ಶಿವನಿಚ್ಛೆ ಅಂದುಬಿಡುತ್ತಿದ್ದೆ.

"ನನಗ ಗೊತ್ತಿಲ್ಲ ಪುಟ್ಟಿ" ಎಂದ ಉದಯ. "ಇವತ್ತ ಕುಡದಿಲ್ಲ. ಇವತ್ತ ಮರಿಯಂಗಿಲ್ಲ."

ಅವಳು ತುಟಿ ಕಚ್ಚಿ ವಿಚಾರ ಮಾಡಿದಳು. "ನಾಳಿ ರವಿವಾರ ಸುಟ್ಟಿ ಅದ. ಇವತ್ತ ಮನಿಗೆ ಬರ್ತೀನಿ. ನಾಳಿ ಸಂಜೀಕ ಅಜ್ಜಿ ಕಡೆ ಬಿಡು. ಪಾಡ್ಯದ್ದು ಆಮ್ಯಾಲ ನೋಡೂಣು."

ರತ್ನಾಬಾಯಿಯ ಮನೆಯಿಂದ ಶುಭಾಂಗಿಗೆ ಫೋನು ಮಾಡಿದೆವು. ಆರು ತಿಂಗಳಿಗೆ ಇನ್ನೂ ಹತ್ತೊಂಬತ್ತು ದಿನ ಇತ್ತು. "ಅವರ ಬಾಯಿ ನೋಡಿದ್ರೇನ್ರಿ?" ಎಂದಳು. ನೋಡಿದ್ದೇನೆ ಅಂದೆ. "ಯಾವ ಕಾಗದ ಹೇಳಾಕತ್ತಾರ ಈಗ, ಹಳೇದೋ ಹೊಸಾದೋ?"

"ನನಗ ತಿಳೀವಲ್ದು ತಂಗಿ" ಅಂದೆ. ಬೇಕೆಂದೇ ಮುಚ್ಚಿಟ್ಟು ಹೇಳಿದ ಮಾತಲ್ಲ, ನಿಜವಾಗಿಯೂ ತಿಳಿದಿರಲಿಲ್ಲ.

"ಬರ್ರಿ ಹಂಗಾದ್ರ" ಎಂದಳು. "ನೀವೂ ಬರ್ರಿ ಅತ್ತಿ. ಆಕಿ ಒಬ್ಬಾಕಿನ್ನ ಅವರ ಕೂಡ ಕಳಸಬ್ಯಾಡ್ರಿ."

ಮಧ್ಯಾಹ್ನದ ಬಸ್ಸಿನಲ್ಲಿ ಜಾಗ ಸಿಕ್ಕಿತು. ನಾನು ಅವರ ಹಿಂದಿನ ಸೀಟಿನಲ್ಲಿ ಕುಳಿತೆ. ಉದಯ ಮಗಳನ್ನು ಕಿಟಕಿಯ ಕಡೆ ಕೂಡಿಸಲು ಹೋದ.

"ನೀ ಕಿಡಕಿ ಕಡೆ ಕೂಡು ಪಪ್ಪಾ."

"ನಿನಗ ಗಾಳಿ ಬ್ಯಾಡೇನು?"

"ಬ್ಯಾಡ. ನಾ ಈ ಕಡೆ ಕೂಡ್ತೀನಿ. ಹಿಂಗ ಕೂತರ ನನ್ನ ಬಿಟ್ಟು ಇಳೀಲಿಕ್ಕ ಬರಂಗಿಲ್ಲ."

ಅವನು ಒಳಗೆ ಸರಿದ. ಅವಳು ಹೊರಗಿನ ಬದಿಗೆ ಕುಳಿತು, ದಪ್ತರವನ್ನು ಅವನ ಕಾಲಿಗೆ ಅಡ್ಡವಾಗಿ ಇಟ್ಟು, ಎರಡೂ ಕಾಲು ಎತ್ತಿ ಮುಂದಿನ ಸೀಟಿಗೆ ಚಾಚಿದಳು.